ಗೀರು ಬಿದ್ದ ಹಾಳೆಗಳ ಶ್ರಾವಣ

ಕಳೆದ ತಿಂಗಳು ಅಡುಗೆಮನೆಯ ಕಪಾಟಿಗೆ ಬಾಗಿಲು ಮಾಡಿಸಬೇಕೆಂದು ಹೆಂಡತಿಯನ್ನು ಕರೆದುಕೊಂಡು ಚನ್ನಗಿರಿಯ ಒಂದು ಪ್ಲೈವುಡ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಒಂದು ಹಲಗೆಯನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಅಂಗೈ ಸವರಿ, "ನೋಡ್ರಿ ಸಾರ್, ಕನ್ನಡಿ ಇದ್ದಂಗೈತೆ. ಮನುಷ್ಯರ ಕೈ ಸೋಕಿಲ್ಲ ಇದಕ್ಕೆ, ಪೂರಾ ಮಷೀನು. ಕೈ ಸೋಕಿದ್ರೆ ತಾನೇ ಗೀರು ಬೀಳಾದು?" ಎಂದರು. ಪಾಪ, ಮಾಲು ಮಾರುವವರ ಮಾತು ಅದು, ನಕ್ಕು ಸುಮ್ಮನಾಗಬಹುದಿತ್ತು. ಆದರೆ ನನಗೆ ಎಲ್ಲಿತ್ತೋ ಸಿಟ್ಟು, "ಗೀರು ಕೈಯಿಂದಲೇ ಬೀಳುತ್ತೆ ಅಂತ ನಿಮಗೆ ಹೇಳಿದೋರು ಯಾರ್ರೀ?" ಎಂದು ಇಡೀ ಅಂಗಡಿಗೆ ಕೇಳುವಂತೆ ಕೂಗಿಬಿಟ್ಟೆ. ಅವರು ಬೆಪ್ಪಾಗಿ ನೋಡಿದರು. "ಹಲಗೆ ತಗಳಾಕೆ ಬಂದೀರೋ, ಜಗಳ ಆಡಾಕೆ ಬಂದೀರೋ?" ಎಂದು ನನ್ನ ಹೆಂಡತಿ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಕಪಾಟಿಗೆ ಇನ್ನೂ ಬಾಗಿಲು ಆಗಿಲ್ಲ.

ಆ ಸಿಟ್ಟು ಅಂಗಡಿಯವರ ಮೇಲಿನದಲ್ಲ. ಅದಕ್ಕೆ ನಲವತ್ತು ವರ್ಷ ವಯಸ್ಸಾಗಿದೆ.

ಎಂಬತ್ತೆರಡೋ ಎಂಬತ್ತಮೂರೋ ಇರಬೇಕು. ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿತು, ಎರಡು ವರ್ಷ ಜಗಳೂರಿನ ಬಸ್‌ಸ್ಟ್ಯಾಂಡಿನ ಕಟ್ಟೆ ಸವೆಸಿದ್ದ ನನಗೆ ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಯಲ್ಲಿದ್ದ ಒಂದು ವೀನಿಯರ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳು ತಾತ್ಕಾಲಿಕ, ಆಮೇಲೆ ನೋಡೋಣ ಎಂದಿದ್ದರು. ಮರದ ದಿಮ್ಮಿಯನ್ನು ತೊಟ್ಟಿಯಲ್ಲಿ ಬೇಯಿಸಿ, ಲೇತಿಗೆ ಸಿಕ್ಕಿಸಿ ತಿರುಗಿಸುತ್ತ ಉದ್ದನೆಯ ಅಲಗಿಗೆ ಒಡ್ಡಿದರೆ, ಸುತ್ತಿಟ್ಟ ಚಾಪೆ ಬಿಚ್ಚಿದ ಹಾಗೆ ತೆಳ್ಳನೆಯ ಹಾಳೆ ಹೊರಬರುತ್ತದೆ. ಅದೇ ವೀನಿಯರ್. ಅದನ್ನು ಕತ್ತರಿಸಿ, ಒಣಗಿಸಿ, ವಿಂಗಡಿಸಿ ಪ್ಲೈವುಡ್ ಮಾಡುವವರಿಗೆ ಕಳಿಸುವುದು ಆ ಕಾರ್ಖಾನೆಯ ಕಸುಬು. ಬೆಂದ ಮಾವಿನ ದಿಮ್ಮಿಯ ವಾಸನೆ ಅಂಗಿಗೆ, ತಲೆಗೂದಲಿಗೆ, ಕೊನೆಗೆ ಊಟದ ಡಬ್ಬಿಗೂ ಅಂಟಿಕೊಳ್ಳುತ್ತಿತ್ತು. ಜಗಳೂರಿನ ಒಣ ಗಾಳಿಯಲ್ಲಿ ಬೆಳೆದ ನನಗೆ ಮೊದಲು ಆ ವಾಸನೆ, ಆಮೇಲೆ ಮುಂಗಾರಿನ ಮಳೆ, ತುಂಬಿ ಕೆಂಪಗೆ ಹರಿಯುವ ಹೊಳೆ ಎಲ್ಲ ಸೇರಿ ತಲೆ ತಿರುಗಿಸಿದವು.

ವಿಂಗಡಿಸುವ ಷೆಡ್ಡಿನಲ್ಲಿ ಇದ್ದವರೆಲ್ಲ ಹೆಂಗಸರು, ಹದಿನಾಲ್ಕು ಮಂದಿ. ಹೆಚ್ಚಿನವರು ಗೋವಿನಕೋವಿಯಿಂದ, ಆಸುಪಾಸಿನ ಹಳ್ಳಿಗಳಿಂದ ಬರುತ್ತಿದ್ದರು. ಅವರ ಹಿರಿಯಳು ರುದ್ರಮ್ಮ. ನಲವತ್ತರ ಆಚೆಯ ವಯಸ್ಸು, ಗಂಡ ಸತ್ತು ಎಷ್ಟೋ ವರ್ಷವಾಗಿತ್ತು, ಖಾಲಿ ಕೈ, ಖಾಲಿ ಹಣೆ. ಎಲ್ಲರಿಗೂ ಅವಳು ರುದ್ರಕ್ಕ. ಹಾಳೆಯ ಎರಡು ತುದಿ ಹಿಡಿದು ಒಮ್ಮೆ ಕೊಡವಿದರೆ ಸಾಕು, ಸದ್ದು ಕೇಳಿಯೇ ಹೇಳುತ್ತಿದ್ದಳು. ಒಣಗಿದ್ದರೆ ಹಾಳೆ ಝಲ್ಲೆನ್ನುತ್ತದೆ, ಒಳಗೆ ತೇವ ಉಳಿದಿದ್ದರೆ ಬೊಪ್ಪೆನ್ನುತ್ತದೆ. "ಇದಕ್ಕೆ ಇನ್ನಾ ಗಂಟಲು ಕಟ್ಟೈತೆ, ಒಲೆ ಕಡಿಗೆ ಕಳಿಸು" ಎನ್ನುತ್ತ ಅದನ್ನು ವಾಪಸು ಒಣಗಿಸುವ ಕೋಣೆಗೆ ಕಳಿಸುವಳು. ನಾನು ತೇವ ಅಳೆಯುವ ಮುಳ್ಳಿನ ಉಪಕರಣ ಹಿಡಿದು ಎರಡು ಸಲ ಪರೀಕ್ಷೆ ಮಾಡಿದೆ, ಎರಡು ಸಲವೂ ಸೋತೆ. "ನಿನ್ನ ಗಡಿಯಾರಕ್ಕೆ ಕಿವಿ ಇಲ್ಲ ತಮ್ಮಾ" ಎಂದು ಅವಳು ನಕ್ಕಿದ್ದಳು.

ಇನ್ನೊಂದು ಪದ್ಧತಿಯನ್ನು ಇಲ್ಲೇ ಹೇಳಬೇಕು, ಏಕೆಂದರೆ ಮುಂದಿನ ಅನ್ಯಾಯವೆಲ್ಲ ಅದರ ಮೇಲೆಯೇ ನಡೆದದ್ದು. ಗಾಜಿನ ಬಳೆ ತಾಗಿದರೆ ಹಾಳೆಗೆ ಗೀರು ಬೀಳುತ್ತದೆ ಎಂಬುದು ಆ ಹೆಂಗಸರಿಗೆ ಯಾರೂ ಹೇಳಿಕೊಡದೆಯೇ ಗೊತ್ತಿತ್ತು. ಅದಕ್ಕೆ ಪ್ರತಿಯೊಬ್ಬಳೂ ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿ, ಅವುಗಳ ಮೇಲೆ ಹಳೆಯ ಸೀರೆಯ ಪಟ್ಟಿಯನ್ನು ಸುತ್ತಿ ಬಿಗಿಯಾಗಿ ಕಟ್ಟಿಕೊಂಡೇ ಒಳಗೆ ಬರುತ್ತಿದ್ದಳು. ಬೆಳಿಗ್ಗೆ ರುದ್ರಕ್ಕ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಯನ್ನೂ ಹಿಡಿದು ಗಂಟು ಎಳೆದು ನೋಡಿ ಬಿಡುವಳು. ಸಡಿಲ ಇದ್ದರೆ ತಾನೇ ಬಿಚ್ಚಿ ಕಟ್ಟುವಳು. ಆರು ವರ್ಷ ಹೀಗೆ ನಡೆದಿತ್ತು. ಆರು ವರ್ಷದಲ್ಲಿ ಒಂದು ಹಾಳೆಯೂ ಬಳೆಯ ಗೀರಿಗೆ ವಾಪಸು ಬಂದಿರಲಿಲ್ಲ.

ಆಷಾಢ ಮುಗಿಯುವ ಹೊತ್ತಿಗೆ ಹೊಸ ಯಂತ್ರ ಬಂತು. ಒಣಗಿದ ಹಾಳೆಗಳನ್ನು ಒಂದೊಂದಾಗಿ ರಬ್ಬರಿನ ಪಟ್ಟೆಯ ಮೇಲೆ ಸಾಗಿಸಿ, ಉದ್ದ ನೋಡಿ, ಉದ್ದದವನ್ನು ಒಂದು ತಟ್ಟೆಗೂ ಗಿಡ್ಡವನ್ನು ಇನ್ನೊಂದಕ್ಕೂ ತಾನೇ ಬೀಳಿಸುವ ಯಂತ್ರ. ಪಟ್ಟೆಯ ಎಡಬದಿಯ ಸಂದಿನಿಂದ ಬೆರಳಿನಷ್ಟು ದಪ್ಪದ ಒಂದು ಪಿನ್ನು ಮೇಲೆದ್ದು ಹಾಳೆಯನ್ನು ತಡೆದು ಅಳೆಯುತ್ತಿತ್ತು, ಅಳತೆ ಮುಗಿದ ಕೂಡಲೇ ಕೆಳಗಿಳಿದು ದಾರಿ ಬಿಡುತ್ತಿತ್ತು. ಜೋಡಿಸಿದವರು ಯಂತ್ರ ಮಾಡಿದ ಕಂಪನಿಯ ಜನ. ಅವರು ಹೋದ ಮೇಲೆ ನೋಡಿಕೊಳ್ಳುವ ಹೊಣೆ ನನ್ನದು. ಯಂತ್ರಕ್ಕೆ ಉದ್ದ ಗೊತ್ತಿತ್ತು, ಮರ ಗೊತ್ತಿರಲಿಲ್ಲ. ಗಂಟು, ಸೀಳು, ತೇವ ಯಾವುದೂ ಅದಕ್ಕೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಹೆಂಗಸರು ಪಟ್ಟೆಯ ಎರಡೂ ಬದಿಗೆ ನಿಂತು ಕೆಟ್ಟ ಹಾಳೆಗಳನ್ನು ಎತ್ತಿಕೊಳ್ಳಬೇಕೆಂದು ಮ್ಯಾನೇಜರು ಗೊತ್ತು ಮಾಡಿದರು.

ಯಂತ್ರಕ್ಕೆ ಪೂಜೆ ಮಾಡಿಸಿದರು. ಆರತಿ ಎತ್ತಲು ಮುತ್ತೈದೆಯೇ ಆಗಬೇಕೆಂದು ಮ್ಯಾನೇಜರು ಹುಡುಕಿ ಕರೆದದ್ದು ಷೆಡ್ಡಿನವಳೇ ಆದ ಶಾಂತವ್ವನನ್ನು. ವೈಶಾಖದಲ್ಲಿ ಮದುವೆಯಾಗಿ ಬಂದವಳು, ಹತ್ತೊಂಬತ್ತು ವರ್ಷ, ಎರಡೂ ಕೈ ತುಂಬ ಮದುವೆಯ ಹಸಿರು ಬಳೆ. ಅವಳು ತಟ್ಟೆ ಆಡಿಸಿದಾಗ ಬಳೆಯ ಸದ್ದು ಷೆಡ್ಡಿನ ತುಂಬ ಕೇಳಿತು. ರುದ್ರಕ್ಕ ಪದ್ಧತಿಯಂತೆ ಎಲ್ಲರ ಹಿಂದೆ ಕಂಬದ ಪಕ್ಕ ನಿಂತಿದ್ದಳು. "ಬಳೆ ತುಂಬಿದ ಕೈ, ಕಾರ್ಖಾನೆಗೆ ಒಳ್ಳೆಯದಾಗುತ್ತೆ" ಎಂದು ಮ್ಯಾನೇಜರು ತಾವೇ ಹೇಳಿದ್ದನ್ನು ನಾನು ಈ ಕಿವಿಯಿಂದ ಕೇಳಿದ್ದೇನೆ.

ಹದಿನೈದು ದಿನ ಕಳೆದಿರಬಹುದು. ಕಳಿಸಿದ ಮಾಲಿನಲ್ಲಿ ಒಂದು ಲಾರಿ ಪೂರ್ತಿ ವಾಪಸು ಬಂತು. ಹಾಳೆಹಾಳೆಯ ಮೇಲೂ ಕೂದಲೆಳೆಯಂಥ ಗೀರು. ಕಾರ್ಖಾನೆಯ ಸಾಹುಕಾರರು ಸೋಮವಾರಕ್ಕೊಮ್ಮೆ ಬರುವವರು, ಆ ಸೋಮವಾರ ಬಂದು ಮ್ಯಾನೇಜರನ್ನು ಬಾಯಿಗೆ ಬಂದ ಹಾಗೆ ಬೈದು ಹೋದರು. ಅವರ ಕಾರು ಗೇಟು ದಾಟಿತೋ ಇಲ್ಲವೋ, ಮ್ಯಾನೇಜರು ಷೆಡ್ಡಿಗೆ ನುಗ್ಗಿ ಕೆಲಸ ನಿಲ್ಲಿಸಿ ಎಲ್ಲರನ್ನೂ ಹೊರಗೆ ನಿಲ್ಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಆವತ್ತು ಕಣ್ಣಾರೆ ಕಂಡೆ.

"ಗೀರು ಬೀಳ್ತಿರೋದು ನಿಮ್ಮ ಬಳೆಯಿಂದ. ಇನ್ನು ಮೇಲೆ ಬಳೆ ತೆಗೆದವರು ಮಾತ್ರ ಒಳಗೆ ಬರಬೇಕು."

ಜಿಟಿಜಿಟಿ ಮಳೆ. ಹದಿನಾಲ್ಕು ಜನ ಹೆಂಗಸರೂ ನೆನೆಯುತ್ತ ನಿಂತಿದ್ದರು. ಶ್ರಾವಣ ಮಾಸ, ಬಳೆಗಾರ ಊರೂರು ಸುತ್ತುವ ದಿನಗಳು, ಹೆಣ್ಣುಮಕ್ಕಳು ಹೊಸ ಬಳೆ ಇಡಿಸಿಕೊಂಡು ಹಿಗ್ಗುವ ಕಾಲ. ಬಳೆ ಒಡೆದರೂ "ಒಡೀತು" ಎಂದು ಬಾಯಲ್ಲಿ ಅನ್ನದೆ "ಹೆಚ್ಚಾಯ್ತು" ಎನ್ನುವ ಮಂದಿ ಇವರು. ಗಂಡ ಬದುಕಿರುವಾಗ ಬರಿಗೈ ಮಾಡಿಕೊಂಡು ಬಾ ಎಂದು ಶತ್ರುವಿಗೂ ಯಾರೂ ಹೇಳುವುದಿಲ್ಲ. ಆ ಮಾತಿನ ಅರ್ಥ ಅಂಥ ಓದಿದ ಮನುಷ್ಯನಿಗೆ ಗೊತ್ತಿರಲಿಲ್ಲವೆಂದರೆ ನಾನು ಇವತ್ತಿಗೂ ನಂಬುವುದಿಲ್ಲ.

ರುದ್ರಕ್ಕ ಮುಂದೆ ಬಂದಳು. "ಸಾಹೇಬ್ರೆ, ಪಟ್ಟಿ ಕಟ್ಟಿಕೊಂಡೇ ಕೆಲಸ ಮಾಡ್ತಾರೆ ಇವರು. ನಾನೇ ದಿನಾ ಗಂಟು ನೋಡಿ ಬಿಡ್ತೀನಿ. ಆರು ವರ್ಷದಾಗೆ ಬೀಳದಿರಾ ಗೀರು ಈಗ್ಯಾಕೆ ಬಿತ್ತು, ಅದನ್ನ ಕೇಳ್ರಿ ಮೊದ್ಲು."

"ನಿನಗ್ಯಾಕಮ್ಮ ಈ ಮಾತು? ನಿನ್ನ ಕೈಯಲ್ಲಿ ಹೇಗೂ ಬಳೆ ಇಲ್ಲ. ನೀನು ಒಳಗೆ ಹೋಗು" ಎಂದರು ಮ್ಯಾನೇಜರು.

ಗಂಡ ಸತ್ತ ಹೆಂಗಸಿಗೆ ಅದನ್ನೇ ಎತ್ತಿ ಆಡಿದರಲ್ಲ, ನಾಚಿಕೆ ಬೇಡವೇ? ರುದ್ರಕ್ಕ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ನಾನೂ ಹೋಗಾದಿಲ್ರಿ. ಕೈ ಖಾಲಿ ಆದ್ರೆ ಹೆಂಗಿರ್ತೈತೆ ಅಂತ ನನಗೆ ಗೊತ್ತೈತೆ, ನಿಮಗೆ ಗೊತ್ತಿಲ್ಲ" ಎಂದು ಗೇಟಿನ ಹೊರಗೆ ಹೋಗಿ ನಿಂತಳು. ಉಳಿದ ಹದಿಮೂರು ಜನ ಅವಳ ಹಿಂದೆ ನಡೆದರು. ದಿನವೂ ಬೆಳಿಗ್ಗೆ ಬರುತ್ತಿದ್ದರು, ಗೇಟಿನ ಆಚೆ ಹುಣಸೆಮರದ ಕೆಳಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕೂರುತ್ತಿದ್ದರು, ಸಂಜೆ ಹೋಗುತ್ತಿದ್ದರು. ಮಂಗಳವಾರವೇ ಮ್ಯಾನೇಜರು ಎಲ್ಲಿಂದಲೋ ನಾಲ್ಕು ಜನ ಗಂಡಸರನ್ನು ತಂದು ಯಂತ್ರದ ಬಳಿ ನಿಲ್ಲಿಸಿದರು. ಗಂಟೂ ಸೀಳೂ ನೋಡುವವರಿಲ್ಲದೆ ತಟ್ಟೆಗೆ ಬಿದ್ದದ್ದೆಲ್ಲ ಒಳ್ಳೆಯ ಮಾಲೇ ಆಯಿತು.

ಗಂಡಸರು ಬಂದರೂ ಗೀರು ನಿಲ್ಲಲಿಲ್ಲ. ಮಂಗಳವಾರ ಸಂಜೆ ನಾನು ಕೆಲವು ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ. ಪ್ರತಿ ಗೀರೂ ಎಡ ಅಂಚಿನಿಂದ ಸರಿಯಾಗಿ ಒಂದು ಗೇಣು. ಹೆಚ್ಚಿಲ್ಲ, ಕಡಿಮೆಯಿಲ್ಲ. ಹದಿಮೂರು ಹೆಂಗಸರ ಬಳೆಗಳು ಒಂದೇ ಗೇಣಿನಲ್ಲಿ ಗೀರಲು ಅವರೇನು ದಾರ ಹಿಡಿದು ಅಳೆದು ಗೀರುತ್ತಿದ್ದರೇ? ಪಟ್ಟೆಯ ಕೆಳಗೆ ತೂರಿ ನೋಡಿದೆ. ತಡೆಯುವ ಪಿನ್ನು ಪೂರ್ತಿ ಕೆಳಗಿಳಿಯುತ್ತಿರಲಿಲ್ಲ. ಒಂದು ನೂಲಿನಷ್ಟು ಮೇಲೆಯೇ ಉಳಿದು, ದಾಟುವ ಪ್ರತಿ ಹಾಳೆಯ ಹೊಟ್ಟೆಯನ್ನೂ ಕೆರೆಯುತ್ತಿತ್ತು. ಮಳೆಗಾಲದ ತೇವಕ್ಕೆ ಅದರ ಗೂಡಿನಲ್ಲಿ ಮರದ ಪುಡಿ ಗಟ್ಟಿಯಾಗಿ ಕೂತಿತ್ತು, ಪಿನ್ನಿನ ತಲೆಯೂ ಒರಟಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯಲಾರದ್ದು ಯಂತ್ರ, ಡೊಂಕು ಅನ್ನಿಸಿಕೊಂಡವರು ಬಡ ಹೆಂಗಸರು.

ಬುಧವಾರ ಬೆಳಿಗ್ಗೆ ಮ್ಯಾನೇಜರ ಕೋಣೆಗೆ ಹೋಗಿ ಹೇಳಿದೆ. ಹಾಳೆಗಳನ್ನೂ ತೋರಿಸಿದೆ. ಅವರು ಒಂದೊಂದನ್ನೂ ತಿರುಗಿಸಿ ನೋಡಿದರು. ಅವರಿಗೆ ಅರ್ಥವಾಯಿತು, ಅದು ಮುಖದಲ್ಲೇ ಕಾಣುತ್ತಿತ್ತು.

"ಈ ಯಂತ್ರ ತರಿಸಿದ್ದು ಯಾರು ಗೊತ್ತೇನಯ್ಯ? ನಾನು. ಸಾಹುಕಾರರು ಬೇಡ ಅಂದರೂ ನಾನೇ ಒಪ್ಪಿಸಿ ತರಿಸಿದ್ದು. ನಿನ್ನ ಆರು ತಿಂಗಳು ಯಾವಾಗ ಮುಗಿಯುತ್ತೆ?"

"ಮುಂದಿನ ತಿಂಗಳು ಸಾರ್."

"ಹಾಗಾದರೆ ಮುಂದಿನ ತಿಂಗಳವರೆಗೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡು."

ಮುಚ್ಚಿಕೊಂಡೆ. ನನಗೆ ಇಪ್ಪತ್ತನಾಲ್ಕು ವರ್ಷ, ಮನೆಯಲ್ಲಿ ಇಬ್ಬರು ತಂಗಿಯರು, ಕಟ್ಟೆ ಸವೆಸಿದ ಎರಡು ವರ್ಷದ ನೆನಪು ಹಸಿಯಾಗಿತ್ತು ಎಂದೆಲ್ಲ ನನಗೆ ನಾನೇ ವಕೀಲಿಕೆ ಮಾಡಿಕೊಳ್ಳಬಲ್ಲೆ. ಆದರೆ ಗೇಟಿನಿಂದ ಹೊರಗೆ ಹತ್ತು ಹೆಜ್ಜೆ ನಡೆದಿದ್ದರೆ ಹುಣಸೆಮರ ಇತ್ತು. ಅಲ್ಲಿಗೆ ಹೋಗಿ, "ತಪ್ಪು ನಿಮ್ಮದಲ್ಲ, ಪಿನ್ನಿನದು" ಎಂದು ಹೇಳಲು ಯಾವ ಸರ್ಟಿಫಿಕೇಟೂ ಬೇಕಿರಲಿಲ್ಲ. ಆ ವಾರ ಊಟದ ಬಿಡುವಿನಲ್ಲಿ ಚಹಾ ಕುಡಿಯುವ ನೆಪ ಮಾಡಿ ಹಿಂದಿನ ಬಾಗಿಲಿನಿಂದ ಹೋಗಿ ಬರುತ್ತಿದ್ದೆ, ಅವರ ಕಣ್ಣಿಗೆ ಬೀಳಬಾರದೆಂದು.

ಗುರುವಾರ ನನಗೆ ಬುದ್ಧಿವಂತಿಕೆ ಹೊಳೆಯಿತು. ಅದಕ್ಕೆ ಬೆಂಕಿ ಬೀಳಲಿ. ಯಾರಿಗೂ ಹೇಳದೆ ಪಿನ್ನನ್ನು ಸರಿ ಮಾಡಿಬಿಟ್ಟರೆ ಗೀರು ನಿಲ್ಲುತ್ತದೆ, ಗೀರು ನಿಂತರೆ ಮ್ಯಾನೇಜರ ಸಿಟ್ಟು ಇಳಿಯುತ್ತದೆ, ಸಿಟ್ಟು ಇಳಿದರೆ ಹೆಂಗಸರನ್ನು ಕರೆಯುತ್ತಾರೆ, ನನ್ನ ಕೆಲಸವೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಗಂಡಸರು ಊಟಕ್ಕೆ ಎದ್ದಾಗ ಪಟ್ಟೆಯ ಕೆಳಗೆ ಮಲಗಿ, ಗೂಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪಿನ್ನಿನ ತಲೆಯನ್ನು ಅರದಿಂದ ಉಜ್ಜಿ ನುಣುಪು ಮಾಡಿ ಕೂರಿಸಿದೆ. ಅರ್ಧ ಗಂಟೆಯ ಕೆಲಸ. ಮಧ್ಯಾಹ್ನದ ಮೇಲೆ ಬಂದ ಒಂದು ಹಾಳೆಯಲ್ಲೂ ಗೀರಿರಲಿಲ್ಲ. ಎದೆ ಹಗುರಾಯಿತು. ಆವತ್ತು ಸಂಜೆ ನ್ಯಾಮತಿಗೆ ಹೋಗಿ ಹೋಟೆಲಿನಲ್ಲಿ ಖಾರಮಂಡಕ್ಕಿ ಮಿರ್ಚಿ ತಿಂದು ಬಂದೆ, ಏನೋ ಸಾಧಿಸಿದವನ ಹಾಗೆ.

ಶುಕ್ರವಾರ ಮ್ಯಾನೇಜರು ಗೀರಿಲ್ಲದ ಹಾಳೆಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಸೀದಾ ಗೇಟಿಗೆ ಹೋದರು.

"ನೋಡ್ರಮ್ಮ, ಎಲ್ಲರೂ ನೋಡಿ. ನೀವು ಹೊರಗೆ ಹೋದಿರಿ, ಗೀರು ನಿಂತುಹೋಯ್ತು. ಇನ್ನೂ ಏನು ಸಾಕ್ಷಿ ಬೇಕು?"

ನಾನು ಅವರ ಹಿಂದೆ ನಾಲ್ಕು ಮಾರು ದೂರದಲ್ಲಿದ್ದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ದಿನ ಗಟ್ಟಿಯಾಗಿ ಕೂತಿದ್ದವರು ತಮ್ಮ ತಮ್ಮ ಕೈಗಳ ಪಟ್ಟಿಯನ್ನು ಮುಟ್ಟಿ ನೋಡಿಕೊಳ್ಳತೊಡಗಿದರು, ನಿಜವಾಗಿಯೂ ತಮ್ಮದೇ ತಪ್ಪಿರಬಹುದೇನೋ ಎಂಬಂತೆ. ರುದ್ರಕ್ಕ ಹಾಳೆಯನ್ನು ಈಸಿಕೊಂಡು ತಿರುಗಿಸಿ ನೋಡಿ ವಾಪಸು ಕೊಟ್ಟಳು. ಉತ್ತರ ಇದ್ದದ್ದು ನನ್ನೊಬ್ಬನ ಬಳಿ. ಅವರ ಪರವಾಗಿ ಇದ್ದ ಒಂದೇ ಒಂದು ಸಾಕ್ಷಿಯನ್ನು ನನ್ನ ಕೈಯಾರೆ ಉಜ್ಜಿ ಹಾಕಿ, ಅದನ್ನೇ ಅವರ ವಿರುದ್ಧದ ಸಾಕ್ಷಿ ಮಾಡಿ ಮ್ಯಾನೇಜರ ಕೈಗೆ ಕೊಟ್ಟಿದ್ದೆ. ಆಗಲೂ ಬಾಯಿ ಬರಲಿಲ್ಲ.

ಶನಿವಾರ ನಾನು ಬಾಯ್ಲರಿನ ಕೆಲಸದಲ್ಲಿದ್ದೆ. ಷೆಡ್ಡಿನ ಕಡೆಗೆ ಹೋಗಲೇ ಇಲ್ಲ. ಭಾನುವಾರ ಇಡೀ ದಿನ ಕೋಣೆಯಲ್ಲಿ ಮಲಗಿದ್ದೆ, ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ. ಸೋಮವಾರ ಸಾಹುಕಾರರ ಕಾರು ಬಂದಾಗ ಯಾರನ್ನೂ ಕೇಳದೆ ಅವರ ಮುಂದೆ ಹೋಗಿ ನಿಂತೆ. ಮ್ಯಾನೇಜರು ಪಕ್ಕದಲ್ಲಿದ್ದರು. ಗೀರಿದ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಪಿನ್ನು, ಗೇಣು, ಅರ, ಸೀಮೆಎಣ್ಣೆ ಎಲ್ಲವನ್ನೂ ಹೇಳಿದೆ. ಹೆಂಗಸರದು ಎಳ್ಳಷ್ಟೂ ತಪ್ಪಿಲ್ಲ ಎಂದೆ.

ಸಾಹುಕಾರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಂದ್ರೆ ಮಷೀನು ಸರಿ ಮಾಡಿದ್ದು ನೀನೇ ಅನ್ನು! ಕಂಪನಿಯೋರ್ನ ಕರೆಸಿದ್ರೆ ವಾರ ಮಾಡೋರು. ಹುಷಾರಿದ್ದೀಯ ಕಣಯ್ಯ" ಎಂದು ನಕ್ಕು, ಮ್ಯಾನೇಜರ ಕಡೆಗೆ ತಿರುಗಿ, "ಈ ಹುಡುಗನ್ನ ಖಾಯಂ ಮಾಡ್ರಿ" ಎಂದರು.

"ಆ ಹೆಂಗಸರು, ಸಾಹುಕಾರ್ರೇ?" ಎಂದೆ.

"ಪಿನ್ನೋ ಬಳೆಯೋ, ಯಾವ್ದಾದ್ರೂ ಆಗ್ಲಿ, ಈಗ ಗೀರಿಲ್ಲ ತಾನೇ? ನಾಕು ಜನದಾಗೆ ಕೆಲಸ ನಡೀತೈತೆ. ಹದಿನಾಕು ಜನನ್ನ ಮತ್ತೆ ಕರೆದು ಏನು ಕೂರಿಸಿ ಪೂಜೆ ಮಾಡ್ಲಾ?"

ನನಗೆ ಆಗ ಗೊತ್ತಾಯಿತು. ಸತ್ಯ ಯಾರಿಗೂ ಬೇಕಿರಲಿಲ್ಲ. ಹದಿನಾಲ್ಕು ಜನರನ್ನು ಹೊರಗೆ ಹಾಕಲು ಒಂದು ನೆಪ ಬೇಕಿತ್ತು, ಆ ನೆಪ ಅವರ ಮೈಮೇಲೆಯೇ ಸಿಕ್ಕಿತ್ತು. ಬೇಕಾದರೆ ಕೆಲಸ ಇಲ್ಲ ಎಂದು ನೆಟ್ಟಗೆ ಹೇಳಿ ಕಳಿಸಬಹುದಿತ್ತು. ಮುತ್ತೈದೆಯರ ಬಳೆಗೆ ಕೈ ಹಾಕುವ ಅಗತ್ಯ ಏನಿತ್ತು? ಈ ಪ್ರಶ್ನೆಗೆ ನಲವತ್ತು ವರ್ಷದಿಂದ ಉತ್ತರ ಹುಡುಕುತ್ತಿದ್ದೇನೆ. ಆ ಮ್ಯಾನೇಜರು ಈಗ ಇಲ್ಲ, ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ಆಡುತ್ತೇನೆ.

ಆ ಸೋಮವಾರ ಹುಣಸೆಮರದ ಕೆಳಗೆ ಯಾರೂ ಇರಲಿಲ್ಲ. ಷೆಡ್ಡಿನ ಕಡೆ ತಲೆ ಹಾಕದೆ, ಸಂಜೆ ಕೆಲಸ ಮುಗಿದ ಕೂಡಲೇ ಬಸ್ಸು ಹಿಡಿದು ಗೋವಿನಕೋವಿಗೆ ಹೋದೆ. ಕೇಳಿಕೊಂಡು ಕೇಳಿಕೊಂಡು ರುದ್ರಕ್ಕನ ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಅವಳು ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂರು ಎಂದು ಚಾಪೆ ಹಾಕಿದಳು, ನೀರು ಕೊಟ್ಟಳು. ನಾನು ನಿಂತುಕೊಂಡೇ ಎಲ್ಲ ಒಪ್ಪಿಸಿದೆ. ಪಿನ್ನು ಮಂಗಳವಾರವೇ ನನಗೆ ಸಿಕ್ಕಿದ್ದು, ಗುರುವಾರ ನಾನೇ ಅದನ್ನು ಸರಿ ಮಾಡಿದ್ದು, ಇವತ್ತು ಸಾಹುಕಾರರ ಎದುರು ಎಲ್ಲ ಬಾಯಿಬಿಟ್ಟದ್ದು. ಕೊನೆಯ ಮಾತು ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ತೋರುತ್ತದೆ. ಅವಳು ಶಭಾಷ್ ಅನ್ನುತ್ತಾಳೆಂದು ಕಾಯುತ್ತಿದ್ದೆನೋ ಏನೋ.

ಅವಳು ಮೊರವನ್ನು ಕೆಳಗಿಟ್ಟಳು.

"ಶಾಂತವ್ವನ ಗಂಡ ಯಾರ್ಡಿನಾಗೆ ದಿಮ್ಮಿ ಉಳ್ಳಿಸ್ತಿದ್ದ ನೋಡು, ಅವನ ಕಾಲಿನ ಮ್ಯಾಲೆ ದಿಮ್ಮಿ ಬಂದು ತಿಂಗ್ಳಾತು. ಮನೇಲಿ ಬಿದ್ಕಂಡಾನೆ. ಆಕಿ ಒಬ್ಬಳ ದುಡಿಮಿ. ಸುಕ್ರಾರ ಆ ಮನುಷ್ಯ ಹಾಳೆ ತಂದು ತೋರಿಸಿದ್ನಲ್ಲ, ಆವಾಗ ಆಕಿಗೆ ಧೈರ್ಯ ಹೋತು. ತಪ್ಪು ನಮ್ದೇ ಇರಬೋದು ಅಕ್ಕಾ ಅಂದ್ಲು. ಅಲ್ಲ ಕಣೇ ಅಂತ ನಾ ಹೆಂಗೆ ಹೇಳ್ಲಿ? ನನಗೇನು ಗೊತ್ತಿತ್ತು?"

ನಾನು ಚಾಪೆಯ ಅಂಚಿಗೆ ಕೂತೆ.

"ಮದುವಿ ಬಳೆ ತಮ್ಮಾ, ಬಿಗಿ ಇರ್ತಾವೆ. ಸೋಪು ಹಚ್ಚಿದ್ರೂ ಬರ್ಲಿಲ್ಲ. ಗೇಟಿನ ನಳದ ಕಟ್ಟಿ ಮ್ಯಾಲೆ ಕೈ ಇಟ್ಟು ಕಲ್ಲು ತಗಂಡ್ಲು. ನಾನು ಮಕ ತಿರುಗಿಸ್ಕಂಡೆ. ಈಗ ಕಾರ್ಖಾನಿ ಒಳಗೆ ಅದಾಳಲ್ಲ, ಆ ನಾಕು ಗಂಡಸರ ಸಂಗಡ ಹಾಳೆ ಎತ್ತಿಡ್ತಾಳೆ. ನೀ ನೋಡ್ಲಿಲ್ವಾ?"

"ನಾನು ಎಲ್ಲಾ ಹೇಳಿಬಿಟ್ಟೆ ರುದ್ರಕ್ಕ, ಸಾಹುಕಾರ್ರ ಮುಂದೆನೇ ಹೇಳಿದೆ" ಎಂದು ಮತ್ತೆ ತೊದಲಿದೆ.

"ಯಾವತ್ತು ಹೇಳಿದೆ?"

"ಇವತ್ತು. ಸೋಮವಾರ."

ಅವಳು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.

"ಆಕಿ ಕಲ್ಲು ತಗಂಡಿದ್ದು ಶನಿವಾರ" ಎಂದಳು.